ರೀಫರ್ ಕಂಟೇನರ್‌ನಲ್ಲಿ ತಂಪು ತಪ್ಪಿದರೆ ಎಲ್ಲಿಂದ ನೋಡಬೇಕು

ವಿದೇಶದ ಖರೀದಿದಾರರು ಅಲ್ಲಿಂದ ಫೋಟೋ ಕಳಿಸುತ್ತಾರೆ. ಕಾರ್ಟನ್ ಮೂಲೆ ಕುಸಿದಿದೆ, ಸಿಗಡಿ ಒಂದಕ್ಕೊಂದು ಅಂಟಿ ಮುದ್ದೆಯಾಗಿದೆ. ನೀವು ಶಿಪ್ಪಿಂಗ್ ಲೈನ್‌ಗೆ, ಅಂದರೆ ಹಡಗು ಕಂಪನಿಗೆ, ಫೋನ್ ಮಾಡುತ್ತೀರಿ. ಅವರು ದಾರಿಯುದ್ದಕ್ಕೂ ಮಷಿನ್ ಸರಿಯಾಗೇ ಓಡಿದೆ ಎಂದು ಗ್ರಾಫ್ ತೋರಿಸುತ್ತಾರೆ. ಎರಡೂ ನಿಜ ಇರಬಹುದು. ರೀಫರ್ ಅಂದರೆ ತಂಪು ಮಾಡುವ ಮಷಿನ್ ಇರುವ ಕಂಟೇನರ್. ಆ ಮಷಿನ್ ಅಳೆಯುವುದು ಗಾಳಿಯ ಉಷ್ಣತೆಯನ್ನು, ಪೆಟ್ಟಿಗೆಯೊಳಗಿನ ಮೀನಿನ ಉಷ್ಣತೆ ಅದಕ್ಕೆ ಗೊತ್ತಿಲ್ಲ.

ಮೊದಲೇ ತಂಪಾಗಿರುವ ಮಾಲನ್ನು ಹಾಗೇ ತಂಪಾಗಿ ಇಡುವುದಷ್ಟೇ ರೀಫರ್‌ನ ಕೆಲಸ. ಮಾಲನ್ನು ಬೇಗ ಗಡ್ಡೆ ಕಟ್ಟಿಸುವ ಬ್ಲಾಸ್ಟ್ ಫ್ರೀಜರ್‌ನ ಕೆಲಸ ಅದರಿಂದ ಆಗುವುದಿಲ್ಲ. ಹಾಗಾಗಿ ದೋಷ ಕಾಣಿಸುವುದು ಸಾವಿರಾರು ಮೈಲಿ ಆಚೆ ಆದರೂ, ಕಾರಣ ಎಷ್ಟೋ ಸಲ ನಮ್ಮ ಶೆಡ್ಡಿನಲ್ಲೇ, ಬಾಗಿಲು ಹಾಕುವ ಮೊದಲೇ ಹುಟ್ಟಿರುತ್ತದೆ.

ಕಾರವಾರ, ಅಂಕೋಲಾ, ತದಡಿ, ಹೊನ್ನಾವರ, ಭಟ್ಕಳ ಕಡೆಯ ಫ್ರೋಜನ್ ಸಿಗಡಿ, ಬೊಂಡಾಸ್ (ಸ್ಕ್ವಿಡ್) ಇರಲಿ, ಬನವಾಸಿ ಅನಾನಸ್ ಚೂರು ಇರಲಿ, ಕಂಟೇನರ್ ಹಡಗು ಹಿಡಿಯಬೇಕೆಂದರೆ ಮೊದಲು ಮಂಗಳೂರಿಗೋ ಗೋವಾಕ್ಕೋ ಮುಂಬೈ ಪಕ್ಕದ ನ್ಹಾವಾ ಶೇವಾಕ್ಕೋ ರಸ್ತೆಯಲ್ಲಿ ಹೋಗಬೇಕು. ಅಂದರೆ ಸಮುದ್ರಕ್ಕಿಂತ ಮೊದಲೇ ಒಂದು ಉದ್ದ ದಾರಿ ಇದೆ, ಅಲ್ವಾ. ಅದನ್ನೂ ಲೆಕ್ಕಕ್ಕೆ ಹಿಡಿದೇ ಕೆಳಗೆ ಬರೆದಿದ್ದೇನೆ.

ಕೈ ಹಾಕುವ ಮೊದಲು

ರೀಫರ್‌ಗೆ ಬರುವುದು 380ರಿಂದ 460 ವೋಲ್ಟ್‌ನ ಮೂರು ಫೇಸ್ ಕರೆಂಟು. ತಪ್ಪಿದರೆ ಜೀವ ಹೋಗುತ್ತದೆ. ಪ್ಲಗ್ ಕೀಳುವಾಗ ಮೊದಲು ಯೂನಿಟ್‌ನ, ಅಂದರೆ ತಂಪು ಮಾಡುವ ಮಷಿನ್‌ನ, ಸ್ವಿಚ್ ಆಫ್, ಆಮೇಲೆ ಬ್ರೇಕರ್ ಆಫ್, ಕೊನೆಗೆ ಪ್ಲಗ್. ಹಾಕುವಾಗ ಇದರ ಉಲ್ಟಾ. ಒದ್ದೆ ಕೈ, ನೀರು ನಿಂತ ನೆಲ, ಚಪ್ಪಲಿ ಇಲ್ಲದ ಕಾಲು, ಇವುಗಳಲ್ಲಿ ಒಂದಿದ್ದರೂ ಪ್ಲಗ್ ಮುಟ್ಟಬೇಡಿ. ಮೀನಿನ ಶೆಡ್ಡಿನಲ್ಲಿ ನೆಲ ಯಾವಾಗಲೂ ಒದ್ದೆ, ಆದ್ದರಿಂದ ಪ್ಲಗ್ ಪಾಯಿಂಟ್ ಇರುವ ಜಾಗವನ್ನು ಎತ್ತರಿಸಿ ಒಣಗಿಸಿ ಇಟ್ಟುಕೊಳ್ಳಬೇಕು.

ಕಂಟೇನರ್ ಒಳಗೆ ಒಬ್ಬರೇ ಹೋಗಬೇಡಿ. ಹೊರಗೆ ಬಾಗಿಲ ಬಳಿ ಒಬ್ಬರು ನಿಂತೇ ಇರಬೇಕು. ಹಣ್ಣಿಗಾಗಿ ಒಳಗಿನ ಗಾಳಿಯನ್ನೇ ಬದಲಿಸುವ ಕಂಟೇನರ್‌ಗಳಿವೆ. ಅವುಗಳಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಅಂಥದ್ದಕ್ಕೆ ಎಚ್ಚರಿಕೆಯ ಸ್ಟಿಕ್ಕರ್ ಹಚ್ಚಿರುತ್ತಾರೆ. ಬಾಗಿಲು ತೆರೆದು ಚೆನ್ನಾಗಿ ಗಾಳಿಯಾಡಿಸದೆ ಒಳಗೆ ಕಾಲಿಟ್ಟರೆ ಎಚ್ಚರ ತಪ್ಪಿ ಬೀಳಬಹುದು, ಎತ್ತಲು ಹೋದವರೂ ಬೀಳಬಹುದು. ಒಣ ಐಸ್ ಇಟ್ಟ ಪೆಟ್ಟಿಗೆಗೂ ಇದೇ ಎಚ್ಚರಿಕೆ.

ಯೂನಿಟ್ ಚಾಲೂ ಆಗುವುದೇ ಇಲ್ಲ, ಡಿಸ್‌ಪ್ಲೇ ಕಪ್ಪು

ಖರ್ಚಿಲ್ಲದ್ದನ್ನು ಮೊದಲು ನೋಡಿ. ಬ್ರೇಕರ್ ಮೇಲೆ ಇದೆಯಾ? ಪ್ಲಗ್ ಪೂರ್ತಿ ಕೂತಿದೆಯಾ? ಕರೆಂಟು ಪೂರ್ತಿ ತೆಗೆದ ಮೇಲೆ ಪ್ಲಗ್‌ನ ಪಿನ್‌ಗಳನ್ನು ನೋಡಿ. ಸುಟ್ಟ ಕಪ್ಪು ಗುರುತೋ ಹಸಿರು ಕಿಲುಬೋ ಇದ್ದರೆ ಅಲ್ಲೇ ಕಾರಣ ಸಿಕ್ಕಿತು. ಕರಾವಳಿಯ ಉಪ್ಪು ಗಾಳಿಗೆ ಇದು ಬೇಗ ಬರುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಶೆಡ್ಡಿನ ಪ್ಲಗ್ ಪಾಯಿಂಟ್ ಎರಡು ತಿಂಗಳು ಬಳಕೆ ಇಲ್ಲದೆ ಮಳೆಗಾಲದ ತೇವದಲ್ಲೇ ಇರುತ್ತದೆ, ಆಗಸ್ಟ್‌ನಲ್ಲಿ ಮೊದಲ ಲೋಡ್‌ಗೆ ಅದಕ್ಕೇ ಪ್ಲಗ್ ಚುಚ್ಚುತ್ತಾರೆ. ದಯವಿಟ್ಟು ಸೀಸನ್ ಶುರುವಾಗುವ ಮೊದಲೇ ಎಲೆಕ್ಟ್ರಿಷಿಯನ್ ಕರೆದು ಅದನ್ನು ಒಮ್ಮೆ ಬಿಚ್ಚಿ ನೋಡಿಸಿ.

ಡಿಸ್‌ಪ್ಲೇ ಉರಿಯುತ್ತದೆ, ಆದರೆ ಫ್ಯಾನ್ ಇಲ್ಲ, ಕಂಪ್ರೆಸರ್ ಇಲ್ಲ ಅಂದರೆ ಒಂದು ಫೇಸ್ ಹೋಗಿರಬಹುದು, ಇಲ್ಲವೇ ವೋಲ್ಟೇಜ್ ಕುಸಿದಿರಬಹುದು. ಮಳೆ ಗಾಳಿಯ ದಿನ ಕರೆಂಟು ಲೈನಿನಲ್ಲಿ ಇದು ಸಾಮಾನ್ಯ. ಮೂರೂ ಫೇಸ್‌ನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಅಳೆಯಲಿ. ಸರಿ ಇಲ್ಲದಿದ್ದರೆ ಜನರೇಟರ್‌ಗೆ ಬದಲಿಸಿ. ಇನ್ನೊಂದು ವಿಷಯ, ಆನ್ ಮಾಡಿದ ತಕ್ಷಣ ಕಂಪ್ರೆಸರ್ ಓಡದಿದ್ದರೆ ಹೆದರಬೇಡಿ. ಯೂನಿಟ್ ತನ್ನನ್ನೇ ಪರೀಕ್ಷೆ ಮಾಡಿಕೊಂಡು ಕೆಲವು ನಿಮಿಷ ಬಿಟ್ಟು ಶುರು ಮಾಡುತ್ತದೆ. ಆ ನಡುವೆ ಆಫ್ ಆನ್, ಆಫ್ ಆನ್ ಮಾಡುತ್ತಾ ಕೂತರೆ ಒಳ್ಳೆ ಯೂನಿಟ್ಟೂ ಕೆಡುತ್ತದೆ.

ಬ್ರೇಕರ್ ಒಮ್ಮೆ ಬಿದ್ದರೆ ಎತ್ತಿ ನೋಡಬಹುದು. ಮತ್ತೆ ಬಿದ್ದರೆ ನಿಲ್ಲಿಸಿ. ಎಲ್ಲೋ ಶಾರ್ಟ್ ಇದೆ ಅಥವಾ ಕರೆಂಟು ಯೂನಿಟ್‌ನ ಲೋಹದ ಮೈಗೆ ಸೋರುತ್ತಿದೆ. ಶಿಪ್ಪಿಂಗ್ ಲೈನ್‌ನ ರೀಫರ್ ಟೆಕ್ನಿಷಿಯನ್ ಬರಲಿ.

ಡಿಸ್‌ಪ್ಲೇಯಲ್ಲಿ ಹೇಳಿದ ಉಷ್ಣತೆ ಬರುತ್ತಿಲ್ಲ

ಜಾಸ್ತಿ ಫೋನ್ ಬರುವುದು ಇದಕ್ಕೇ. ಜಾಸ್ತಿ ತಪ್ಪು ತಿಳಿಯುವುದೂ ಇದನ್ನೇ.

ಮೊದಲು ಸೆಟ್ ಪಾಯಿಂಟ್, ಅಂದರೆ ಯೂನಿಟ್‌ಗೆ ಇಷ್ಟು ಇರಲಿ ಎಂದು ಒತ್ತಿಟ್ಟ ಉಷ್ಣತೆ, ಓದಿ. ಬುಕ್ಕಿಂಗ್ ಕಾಗದದಲ್ಲಿರುವ ಅಂಕಿ, ಡಿಸ್‌ಪ್ಲೇಯಲ್ಲಿರುವ ಅಂಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಮೈನಸ್ ಗುರುತು ಇದೆಯಾ? ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ? ಅಮೆರಿಕದ ಖರೀದಿದಾರರು "0 ಡಿಗ್ರಿ" ಎಂದು ಬರೆದರೆ ಅದು ಫ್ಯಾರನ್‌ಹೀಟ್ ಇರಬಹುದು, ನಮ್ಮ ಲೆಕ್ಕದಲ್ಲಿ ಮೈನಸ್ 17.8. ಅದನ್ನೇ ಸುಮ್ನೆ 0 ಸೆಲ್ಸಿಯಸ್ ಎಂದು ಒತ್ತಿದರೆ ಯೂನಿಟ್ ಒಂದೂ ಅಲಾರಂ ಕೊಡದೆ ಸಿಗಡಿಯನ್ನು ಕರಗಿಸಿ ಇಡುತ್ತದೆ. ಅದರ ಪ್ರಕಾರ ಎಲ್ಲ ಸರಿ ಇದೆ. ಆದ್ದರಿಂದ ಬುಕ್ಕಿಂಗ್, ಶಿಪ್ಪಿಂಗ್ ಸೂಚನೆ, ಬಿಲ್ ಆಫ್ ಲೇಡಿಂಗ್ (ಮಾಲು ಪಡೆದದ್ದಕ್ಕೆ ಲೈನ್ ಕೊಡುವ ಕಾಗದ) ಎಲ್ಲದರಲ್ಲೂ "ಮೈನಸ್ 18 ಸೆಲ್ಸಿಯಸ್" ಎಂದು ಅಕ್ಷರದಲ್ಲೂ ಬರೆಸಿ. ಡಿಸ್‌ಪ್ಲೇಯ ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ಡಿಫ್ರಾಸ್ಟ್ ನಡೆಯುತ್ತಿದೆಯಾ ನೋಡಿ. ಕಾಯಿಲ್ (ಗಾಳಿಯನ್ನು ತಂಪು ಮಾಡುವ ಪೈಪಿನ ಸುರುಳಿ) ಮೇಲೆ ಕೂತ ಐಸ್ ಕರಗಿಸಲು ಯೂನಿಟ್ ಕೆಲವು ಗಂಟೆಗೊಮ್ಮೆ ತಾನೇ ಹೀಟರ್ ಹಾಕಿಕೊಳ್ಳುತ್ತದೆ. ಆಗ ಒಳಗಿನ ಫ್ಯಾನ್ ನಿಲ್ಲುತ್ತದೆ, ಡಿಸ್‌ಪ್ಲೇಯ ಅಂಕಿ ಏರುತ್ತದೆ, ಡಿಫ್ರಾಸ್ಟ್ ದೀಪ ಉರಿಯುತ್ತದೆ. ಒಂದು ಗಂಟೆ ಕಾಯಿರಿ. ಅಂಕಿ ಮತ್ತೆ ಇಳಿದರೆ ದೋಷವೇ ಇಲ್ಲ.

ಅದೂ ಅಲ್ಲ ಅಂದರೆ ಎರಡು ಅಂಕಿಗಳನ್ನು ಬೇರೆ ಬೇರೆ ಓದಿ. ಯೂನಿಟ್‌ನಿಂದ ಒಳಗೆ ಬೀಸುವ ಗಾಳಿ ಸಪ್ಲೈ, ಮಾಲನ್ನು ಸುತ್ತಿ ವಾಪಸ್ ಬರುವ ಗಾಳಿ ರಿಟರ್ನ್. ಫ್ರೋಜನ್ ಮಾಲಿಗೆ ಯೂನಿಟ್ ರಿಟರ್ನ್ ಗಾಳಿ ನೋಡಿ ನಡೆಯುತ್ತದೆ, ತಾಜಾ ಹಣ್ಣಿಗೆ ಸಪ್ಲೈ ಗಾಳಿ ನೋಡಿ. ಈ ಎರಡರ ನಡುವಿನ ವ್ಯತ್ಯಾಸ ಎಷ್ಟೋ ವಿಷಯ ಹೇಳುತ್ತದೆ.

ಎರಡೂ ಬಿಸಿ, ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ಅಂದರೆ ಯೂನಿಟ್ ತಂಪು ಮಾಡುತ್ತಲೇ ಇಲ್ಲ. ಕಂಪ್ರೆಸರ್ ನಿಂತಿರಬಹುದು, ಗ್ಯಾಸ್ ಸೋರಿರಬಹುದು. ಇದು ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ, ಟೆಕ್ನಿಷಿಯನ್ ಬೇಕು. ಹೊರಗಿನ ಕಂಡೆನ್ಸರ್ ಜಾಲರಿಗೆ ಪ್ಲಾಸ್ಟಿಕ್ಕೋ ಎಲೆಯೋ ಅಂಟಿ ಗಾಳಿ ಕಟ್ಟಿದೆಯಾ ಎಂದು ಮಾತ್ರ ನೀವು ನೋಡಬಹುದು.

ಸಪ್ಲೈ ಚೆನ್ನಾಗಿ ತಣ್ಣಗಿದೆ, ರಿಟರ್ನ್ ತುಂಬಾ ಬಿಸಿ, ಗಂಟೆಗಟ್ಟಲೆ ಹಾಗೇ ಇದೆ ಅಂದರೆ ಯೂನಿಟ್ ದುಡಿಯುತ್ತಿದೆ, ಆದರೆ ಒಳಗೆ ಬಿಸಿ ಬರುತ್ತಲೇ ಇದೆ. ಒಂದೋ ಮಾಲೇ ಬಿಸಿ ಇತ್ತು, ಇಲ್ಲ ತಾಜಾ ಗಾಳಿಯ ಕಿಂಡಿ ತೆರೆದೇ ಇದೆ, ಇಲ್ಲ ಬಾಗಿಲ ರಬ್ಬರ್ ಕಿತ್ತಿದೆ. ಕಿಂಡಿ ಮುಚ್ಚಲು ಒಂದು ನಿಮಿಷ ಸಾಕು. ಫ್ರೋಜನ್ ಮಾಲಿಗೆ ಅದು ಪೂರ್ತಿ ಮುಚ್ಚಿರಬೇಕು.

ಮೂರನೆಯದು ಕಳ್ಳ ದೋಷ. ಎರಡೂ ಅಂಕಿ ಚೆನ್ನಾಗಿವೆ, ಮಾಲು ಮಾತ್ರ ಕೆಡುತ್ತಿದೆ. ಗಾಳಿ ಮಾಲಿನೊಳಗೆ ಹೋಗದೆ ಅಡ್ಡದಾರಿ ಹಿಡಿದು ವಾಪಸ್ ಬರುತ್ತಿದೆ ಎಂದರ್ಥ. ರೀಫರ್‌ನಲ್ಲಿ ತಣ್ಣನೆ ಗಾಳಿ ಬರುವುದು ಕೆಳಗಿಂದ, ನೆಲದ ಪಟ್ಟಿಗಳ ನಡುವಿನ ಸಂದಿನಲ್ಲಿ ಬಾಗಿಲವರೆಗೆ ಹರಿದು, ಮೇಲೆ ಏರಿ, ಚಾವಣಿ ಕೆಳಗೆ ಹಿಂದಿರುಗುತ್ತದೆ. ಗೋಡೆಯ ಮೇಲೆ ಕೆಂಪು ಗೆರೆ ಇರುವುದು ಇದಕ್ಕೇ. ಅದನ್ನು ದಾಟಿ ಕಾರ್ಟನ್ ಪೇರಿಸಿದರೆ ವಾಪಸ್ ದಾರಿ ಮುಚ್ಚುತ್ತದೆ. ನಡುವೆ ನೆಲ ಖಾಲಿ ಬಿಟ್ಟರೆ ಗಾಳಿ ಅಲ್ಲೇ ಮೇಲೆ ನುಗ್ಗಿಬಿಡುತ್ತದೆ, ಬಾಗಿಲ ಕಡೆಗೆ ಹೋಗುವುದೇ ಇಲ್ಲ. ಮಾಲು ಕಡಿಮೆ ಇದ್ದರೆ ಎತ್ತರ ತಗ್ಗಿಸಿ ನೆಲ ಪೂರ್ತಿ ಮುಚ್ಚುವಂತೆ ಹರಡಿ. ಆದರೂ ಉಳಿದ ನೆಲಕ್ಕೆ ದಪ್ಪ ರಟ್ಟು ಹಾಸಿ. ನೆಲದ ಪಟ್ಟಿ ಮುಗಿಯುವ ಜಾಗದಿಂದ ಆಚೆಗೆ ಮಾತ್ರ ಏನೂ ಇಡಬೇಡಿ.

ತುಂಬಿದ ಮಾಲೇ ಬಿಸಿ ಇತ್ತಾ ಎಂಬ ಅನುಮಾನ

ಇದಕ್ಕೆ ಬೇಕಾದ್ದು ಒಂದು ಒಳ್ಳೆ ಪ್ರೋಬ್ ಥರ್ಮಾಮೀಟರ್. ಅದೇ ಸರಿ ಇದೆಯಾ ಎಂದು ನೋಡುವುದು ಸುಲಭ. ಪುಡಿ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಕಲಕಿ, ಪ್ರೋಬ್ ಇಟ್ಟು ಕೆಲವು ನಿಮಿಷ ಬಿಡಿ. 0 ತೋರಿಸಬೇಕು. ಒಂದೆರಡು ಡಿಗ್ರಿ ಆಚೀಚೆ ಇದ್ದರೆ ನಿಮ್ಮ ಹಳೆಯ ದಾಖಲೆ ಎಲ್ಲದರ ಮೇಲೂ ಅನುಮಾನ ಬರುತ್ತದೆ.

ಫ್ರೋಜನ್ ಬ್ಲಾಕ್‌ಗೆ ಶುದ್ಧ ಡ್ರಿಲ್ ಬಿಟ್‌ನಿಂದ ನಡುವಿಗೆ ತೂತು ಕೊರೆದು, ಪ್ರೋಬನ್ನೂ ಮೊದಲೇ ತಂಪು ಮಾಡಿ ಇಟ್ಟು ಅಳೆಯಬೇಕು. ಕಾರ್ಟನ್ ಮೇಲ್ಮೈ ತೋರಿಸುವ ಲೇಸರ್ ಗನ್ ನಂಬಿ ಲೋಡ್ ಮಾಡಬೇಡಿ. ನಡುವಿನ ಉಷ್ಣತೆ ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ ಇರಲೇಬೇಕು. ಮೊದಲ ಸಾಲು, ನಡು, ಕೊನೆಯ ಸಾಲು, ಮೂರೂ ಕಡೆಯಿಂದ ತೆಗೆದು ಅಳೆಯಿರಿ. ಲೋಡಿಂಗ್ ನಿಧಾನವಾದರೆ ಕೊನೆಯ ಸಾಲು ಹೊರಗೆ ಕಾದು ಕಾದು ಬಿಸಿಯಾಗಿರುತ್ತದೆ.

ಮೈನಸ್ 10ರ ಮಾಲು ಬಂದಿದ್ದರೆ? ಹಡಗು ತಪ್ಪಿದರೂ ಸರಿ, ವಾಪಸ್ ಕೋಲ್ಡ್ ಸ್ಟೋರೇಜ್‌ಗೆ ಕಳಿಸಿ. ಮನೆ ಫ್ರಿಜ್ಜಿಗೆ ಬಿಸಿ ಸಾರಿನ ಪಾತ್ರೆ ಇಟ್ಟರೆ ಪಕ್ಕದ ಹಾಲೂ ಬಿಸಿಯಾಗುವ ಹಾಗೆ, ಆ ಹತ್ತಿಪ್ಪತ್ತು ಕಾರ್ಟನ್ ಅಕ್ಕಪಕ್ಕದ ಒಳ್ಳೆ ಮಾಲನ್ನೂ ಕೆಡಿಸುತ್ತದೆ. ಈ ನಿರ್ಧಾರ ಕಷ್ಟ ಎಂದು ಗೊತ್ತು. ಆದರೂ ಇಡೀ ಕಂಟೇನರ್ ವಾಪಸ್ ಬರುವುದಕ್ಕಿಂತ ಇದೇ ಅಗ್ಗ.

ಒಳಗೆಲ್ಲ ಹಿಮ, ಚಾವಣಿಯಿಂದ ನೀರು

ಐಸ್ ಆಗುವುದು ತೇವದಿಂದ, ತೇವ ಬರುವುದು ಹೊರಗಿನ ಗಾಳಿಯಿಂದ. ನಮ್ಮ ಕರಾವಳಿಯಲ್ಲಿ, ಅದೂ ಆಗಸ್ಟ್ ತಿಂಗಳಲ್ಲಿ, ಬಾಗಿಲು ತೆರೆದಿಟ್ಟು ಯೂನಿಟ್ ಓಡಿಸಿದರೆ ಅದು ಆ ತೇವವನ್ನೆಲ್ಲ ಎಳೆದು ಕಾಯಿಲ್ ಮೇಲೆ ಐಸ್ ಕಟ್ಟಿಸುತ್ತದೆ. ಕಾಯಿಲ್ ಮುಚ್ಚಿದರೆ ಗಾಳಿ ಬೀಸುವುದಿಲ್ಲ, ತಂಪೂ ಇಲ್ಲ. ಆದ್ದರಿಂದ ತುಂಬುವಾಗ, ಇಳಿಸುವಾಗ ಯೂನಿಟ್ ಆಫ್ ಇರಲಿ.

ಕಂಟೇನರನ್ನು ಮೊದಲೇ ತಂಪು ಮಾಡಿ ಇಟ್ಟರೆ ಒಳ್ಳೆಯದಲ್ವಾ ಎಂದು ಕೇಳುತ್ತಾರೆ. ಕೋಲ್ಡ್ ಸ್ಟೋರೇಜ್ ಬಾಗಿಲಿಗೆ ಕಂಟೇನರ್ ಗಾಳಿ ಸೋರದಂತೆ ಅಂಟಿ ನಿಲ್ಲುವ ಡಾಕ್ ಇದ್ದರೆ ಮಾತ್ರ ಹೌದು. ಬಯಲಲ್ಲಿ ಲೋಡ್ ಮಾಡುವವರು ಹಾಗೆ ಮಾಡಿದರೆ ಬಾಗಿಲು ತೆರೆದ ಕೂಡಲೇ ಗೋಡೆ, ಚಾವಣಿ ಎಲ್ಲ ಬೆವರುತ್ತವೆ. ಆ ನೀರು ಕಾರ್ಟನ್ ಮೇಲೆ ಬಿದ್ದು ರಟ್ಟು ಮೆತ್ತಗಾಗುತ್ತದೆ, ಮೇಲಿನ ಭಾರಕ್ಕೆ ಕೆಳಗಿನ ಸಾಲು ಕುಸಿಯುತ್ತದೆ.

ಈಗಾಗಲೇ ಐಸ್ ಕಟ್ಟಿದೆ ಅನಿಸಿದರೆ ಬಾಗಿಲು ಮುಚ್ಚಿ ಡಿಫ್ರಾಸ್ಟ್ ಬಟನ್ ಒತ್ತಿ ನೋಡಿ. ಎರಡು ಸಲ ಆದರೂ ಗಾಳಿ ಬಲ ಬರದಿದ್ದರೆ ಹೀಟರ್ ಸುಟ್ಟಿರಬಹುದು. ಟೆಕ್ನಿಷಿಯನ್‌ಗೆ ಹೇಳಿ. ಕಾಯಿಲ್ ಮೇಲಿನ ಐಸನ್ನು ಕಬ್ಬಿಣದ ಸರಳಿನಿಂದ ಕುಟ್ಟಿ ತೆಗೆಯಲು ಹೋಗಬೇಡಿ. ಪೈಪ್ ತೂತಾದರೆ ಗ್ಯಾಸ್ ಚಿಮ್ಮಿ ಚರ್ಮ, ಕಣ್ಣು ಸುಡುತ್ತದೆ.

ಬಾಗಿಲ ರಬ್ಬರ್ ಪರೀಕ್ಷೆ ಖಾಲಿ ಕಂಟೇನರ್ ಬಂದಾಗಲೇ ಮಾಡಿ. ಹಗಲಲ್ಲಿ ಒಬ್ಬರು ಒಳಗೆ ನಿಂತು, ಇನ್ನೊಬ್ಬರು ಹೊರಗಿಂದ ಬಾಗಿಲು ಒತ್ತಿ ಹಿಡಿಯಲಿ. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಆ ಕಂಟೇನರ್ ಬೇಡ ಎನ್ನಿ. ಹೊರಗಿನವರು ಆ ಜಾಗ ಬಿಟ್ಟು ಹೋಗಕೂಡದು.

ಖರೀದಿದಾರರು ಹೇಳುತ್ತಾರೆ, ಕೆಲವು ಕಾರ್ಟನ್ ಮಾತ್ರ ಹಾಳು

ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ಹಾಳಾದದ್ದು ಕಂಟೇನರ್‌ನ ಯಾವ ಜಾಗದಲ್ಲಿತ್ತು? ಇಳಿಸುವಾಗಲೇ ಸಾಲು ಸಾಲಾಗಿ ಫೋಟೋ ತೆಗೆಯಲು ಮೊದಲೇ ಹೇಳಿಡಿ. ಎಲ್ಲ ಇಳಿಸಿ ರಾಶಿ ಹಾಕಿದ ಮೇಲೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಬಾಗಿಲ ಹತ್ತಿರ ಮಾತ್ರ ಹಾಳು ಅಂದರೆ ರಬ್ಬರ್ ಸೋರಿದೆ, ಇಲ್ಲ ಗಾಳಿ ಅಲ್ಲಿವರೆಗೆ ಮುಟ್ಟಿಲ್ಲ, ಇಲ್ಲ ಕೊನೆಗೆ ತುಂಬಿದ ಮಾಲು ಬಿಸಿ ಇತ್ತು. ದಾರಿಯಲ್ಲಿ ತಪಾಸಣೆಗೆ ಬಾಗಿಲು ತೆರೆದಿರಲೂಬಹುದು, ಸೀಲ್ ನಂಬರ್ ಅದೇ ಇದೆಯಾ ನೋಡಿ. ಮೇಲಿನ ಸಾಲು ಮಾತ್ರ ಹಾಳು ಅಂದರೆ ಕೆಂಪು ಗೆರೆ ದಾಟಿದೆ. ರಾಶಿಯ ನಟ್ಟನಡುವೆ ಮಾತ್ರ ಮೆತ್ತಗಿದೆ, ಸುತ್ತ ಗಟ್ಟಿ ಇದೆ ಅಂದರೆ ಹೆಚ್ಚಾಗಿ ಲೋಡಿಂಗ್‌ಗೆ ಮೊದಲೇ ಪೂರ್ತಿ ಗಡ್ಡೆ ಕಟ್ಟಿರಲಿಲ್ಲ. ಇದು ನಮ್ಮ ಫ್ಯಾಕ್ಟರಿ ಕಡೆಯ ತಪ್ಪು, ಲೈನ್ ಜೊತೆ ಜಗಳ ಮಾಡಿ ಪ್ರಯೋಜನ ಇಲ್ಲ. ಕೆಳಗಿನ ಸಾಲು ಒದ್ದೆಯಾಗಿದ್ದರೆ ನೀರು ಹೋಗುವ ತೂತು ಕಟ್ಟಿದೆಯಾ ಕೇಳಿ. ಮೇಲೆ ಕೆಳಗೆ ಒಳಗೆ ಹೊರಗೆ ಎಲ್ಲ ಒಂದೇ ಸಮ ಹಾಳಾಗಿದ್ದರೆ ಆಗ ಕರೆಂಟು ಇಲ್ಲದ ಗಂಟೆಗಳನ್ನು ಹುಡುಕಿ. ಯೂನಿಟ್‌ನ ಕಂಟ್ರೋಲರ್ ಎಲ್ಲವನ್ನೂ ಬರೆದುಕೊಂಡಿರುತ್ತದೆ.

ಹಾಳಾದ ಬಗೆಯನ್ನೂ ಬೇರೆ ಮಾಡಿ ನೋಡಬೇಕು. ಬ್ಲಾಕ್‌ನ ಆಕಾರ ಬಾಗಿದೆ, ಬಿಡಿ ಸಿಗಡಿ ಮುದ್ದೆಯಾಗಿದೆ, ಪ್ಯಾಕೆಟ್ ತಳದಲ್ಲಿ ಕೆಂಪು ಕಂದು ನೀರು ಗಡ್ಡೆ ಕಟ್ಟಿದೆ ಅಂದರೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ. ತಿನ್ನಲು ಯೋಗ್ಯವಾ ಎಂದು ಮೂಸಿ ನೋಡಿ ಹೇಳುವ ವಿಷಯ ಅಲ್ಲ ಇದು, ಲ್ಯಾಬ್ ಪರೀಕ್ಷೆ ಆಗುವವರೆಗೆ ಮಾರಾಟ ನಿಲ್ಲಿಸಿ. ಅದರ ಬದಲು ಬಿಳಿ ಕಲೆ, ಒಣಗಿದ ಮೇಲ್ಮೈ, ಪ್ಯಾಕೆಟ್ ಒಳಗೆ ಹಿಮದ ಪುಡಿ ಇದ್ದರೆ ಅದು ತಂಪಿನಲ್ಲೇ ತೇವ ಆರಿ ಒಣಗಿದ ಮಾಲು. ಉಷ್ಣತೆ ಮೇಲೆ ಕೆಳಗೆ ಆಡಿದೆ, ಪ್ಯಾಕಿಂಗ್ ಸಡಿಲ ಇತ್ತು, ಇಲ್ಲ ಮೇಲಿನ ಐಸ್ ಪದರ, ಅಂದರೆ ಗ್ಲೇಜ್, ತೆಳು ಇತ್ತು. ರುಚಿ ಕೆಡುತ್ತದೆ, ಆದರೆ ಕರಗಿದ ಮಾಲಿನಷ್ಟು ಅಪಾಯ ಇಲ್ಲ. ಸಿಗಡಿ ತಲೆ, ಚಿಪ್ಪಿನಲ್ಲಿ ಕಪ್ಪು ಕಲೆ ಇದ್ದರೆ ಮೊದಲು ದೋಣಿಯಲ್ಲೂ ದಡದಲ್ಲೂ ಐಸ್ ಎಷ್ಟು ಹೊತ್ತು ತಡವಾಯಿತು ಎಂದು ವಿಚಾರಿಸಿ. ಕಂಟೇನರ್ ಆಮೇಲೆ.

ತಾಜಾ ಹಣ್ಣು ಕಂದಾಗಿದೆ, ಬೆವರಿದೆ

ಹಣ್ಣು ಉಸಿರಾಡುತ್ತದೆ, ಬಿಸಿ ಹೊರಬಿಡುತ್ತದೆ. ಅದಕ್ಕೇ ಇಲ್ಲಿ ಗಾಳಿ ಕಿಂಡಿ ತೆರೆದಿರಬೇಕು, ಎಷ್ಟು ಎಂಬುದನ್ನು ಬುಕ್ಕಿಂಗ್‌ನಲ್ಲೇ ಬರೆಸಬೇಕು. ಮುಚ್ಚಿದ್ದರೆ ಇಂಗಾಲದ ಡೈಆಕ್ಸೈಡ್ ತುಂಬಿ ಹಣ್ಣು ಒಳಗೇ ಕೆಡುತ್ತದೆ. ಇನ್ನೊಂದು ಕಾರಣ ಅತಿ ತಂಪು. ಅನಾನಸ್ 7 ಡಿಗ್ರಿಗಿಂತ ಕೆಳಗೆ ಹೋದರೆ ಹೊರಗೆ ಚೆನ್ನಾಗಿ ಕಂಡರೂ ಕೊಯ್ದಾಗ ನಡುವೆ ಕಂದು ಕಪ್ಪಾಗಿರುತ್ತದೆ, ಮೇಲಿನ ಎಲೆ ಜುಟ್ಟು ಬಾಡಿರುತ್ತದೆ. ಬಾಳೆಹಣ್ಣಿಗೆ 13ರಿಂದ 14 ಬೇಕು. ಬೇರೆ ಬೇರೆ ಹಣ್ಣನ್ನು ಒಂದೇ ಕಂಟೇನರ್‌ನಲ್ಲಿ ಹಾಕುವ ಆಸೆ ಬಿಡಿ. ಕಾರ್ಟನ್ ತೂತುಗಳು ಮೇಲಿಂದ ಕೆಳಗೆ ಒಂದೇ ಸಾಲಿಗೆ ಬರುವಂತೆ ಪೇರಿಸಿ.

ಬೇರೆ ವಾಸನೆ

ಖಾಲಿ ಕಂಟೇನರ್ ಬಂದಾಗ ಬಾಗಿಲು ತೆರೆದ ಕೂಡಲೇ ಮೂಸಿ. ಈರುಳ್ಳಿ, ಬೆಳ್ಳುಳ್ಳಿ, ಹಳೆ ಮೀನು, ಏನೇ ವಾಸನೆ ಇದ್ದರೂ ವಾಪಸ್ ಕಳಿಸಿ. ತೊಳೆದರೆ ಹೋಗುತ್ತದೆ ಎಂದು ನಂಬಬೇಡಿ.

ದಾರಿಯಲ್ಲಿ ಲಾರಿ ಸಿಕ್ಕಿಹಾಕಿಕೊಂಡಿದೆ

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಆಗಸ್ಟ್ 7ರಂದು ಕಾರವಾರದ ಹಳೆ ಕಾಳಿ ಸೇತುವೆ ಬಿತ್ತು. ಈ ರಸ್ತೆಯನ್ನೇ ನಂಬಿದ ನಮಗೆ ಇವು ದೂರದ ಸುದ್ದಿಗಳಲ್ಲ. ಮಳೆಗಾಲದಲ್ಲಿ ಜೆನ್‌ಸೆಟ್‌ಗೆ, ಅಂದರೆ ದಾರಿಯಲ್ಲಿ ಯೂನಿಟ್‌ಗೆ ಕರೆಂಟು ಕೊಡುವ ಜನರೇಟರ್‌ಗೆ, ಡೀಸೆಲ್ ಹಡಗುಕಟ್ಟೆ ಮುಟ್ಟುವಷ್ಟೇ ತುಂಬಿಸಿ ಕಳಿಸಬೇಡಿ, ಅರಬೈಲ್ ಘಾಟಿಗೋ ದೇವಿಮನೆ ಘಾಟಿಗೋ ಸುತ್ತು ಹಾಕಿ ರಾತ್ರಿಯೆಲ್ಲ ನಿಂತರೂ ಸಾಲುವಷ್ಟು ಇರಲಿ.

ಕರೆಂಟು ಹೋದರೆ ಮಾಡಬಾರದ್ದು ಬಾಗಿಲು ತೆರೆದು ನೋಡುವುದು. ಚೆನ್ನಾಗಿ ಗಡ್ಡೆ ಕಟ್ಟಿದ, ಒತ್ತಾಗಿ ತುಂಬಿದ ಫ್ರೋಜನ್ ಮಾಲು ಮುಚ್ಚಿದ ಕಂಟೇನರ್‌ನಲ್ಲಿ ಬಹಳ ಹೊತ್ತು ತಾಳುತ್ತದೆ. ಹಣ್ಣು ತಾಳುವುದಿಲ್ಲ. ಡ್ರೈವರ್ ಪ್ರತಿ ನಿಲುಗಡೆಯಲ್ಲೂ ಡಿಸ್‌ಪ್ಲೇಯ ಫೋಟೋ ತೆಗೆದು ವಾಟ್ಸಾಪ್ ಮಾಡಲಿ. ಜೆನ್‌ಸೆಟ್ ಆಫ್ ಮಾಡಿ ಡೀಸೆಲ್ ಉಳಿಸುವ ಚಾಳಿ ಇದ್ದರೆ ಅದರಿಂದಲೇ ತಿಳಿಯುತ್ತದೆ. ಇದನ್ನು ಡ್ರೈವರ್ ಮೇಲಿನ ಅನುಮಾನ ಎಂದು ಹೇಳಬೇಡಿ, ಆ ಫೋಟೋ ಅವರನ್ನೂ ಕಾಪಾಡುತ್ತದೆ ಎಂದು ವಿವರಿಸಿ ಹೇಳಿ.

ಕೈ ಬಿಟ್ಟು ಬೇರೆಯವರನ್ನು ಕರೆಯುವ ಹೊತ್ತು

ಬ್ರೇಕರ್ ಮತ್ತೆ ಮತ್ತೆ ಬೀಳುವುದು, ಸುಟ್ಟ ವಾಸನೆ, ಬಾಡಿ ಮುಟ್ಟಿದರೆ ಶಾಕ್, ಎಣ್ಣೆ ಸೋರಿದ ಗುರುತು, ಹೋಗದ ಅಲಾರಂ. ಇವು ಲೈನ್‌ನ ಟೆಕ್ನಿಷಿಯನ್ ಕೆಲಸ. ಅಲಾರಂ ಕೋಡ್ ಅಳಿಸುವ ಮೊದಲು ಫೋಟೋ ತೆಗೆಯಿರಿ. ಒಂದೇ ನಂಬರ್ ಕ್ಯಾರಿಯರ್ ಯೂನಿಟ್‌ನಲ್ಲಿ ಒಂದು ಅರ್ಥ, ಥರ್ಮೋ ಕಿಂಗ್ ಅಥವಾ ಡೈಕಿನ್‌ನಲ್ಲಿ ಇನ್ನೊಂದು ಅರ್ಥ ಕೊಡಬಹುದು, ಹಾಗಾಗಿ ಯೂನಿಟ್ ಯಾವ ಕಂಪನಿಯದು ಎಂದೂ ತಿಳಿಸಿ.

ಮಾಲು ಆಚೆ ಮುಟ್ಟಿ ಹಾಳಾಗಿ ಕಂಡರೆ ಕಾಲ ಕಳೆಯಬೇಡಿ. ಹೊರಗೆ ಕಾಣದ ಹಾನಿಗೆ ಡೆಲಿವರಿ ಆದ 3 ದಿನದೊಳಗೆ ಲೈನ್‌ಗೆ ಬರವಣಿಗೆಯಲ್ಲಿ ನೋಟೀಸ್ ಹೋಗಬೇಕು, ಕಣ್ಣಿಗೆ ಕಾಣುವಂಥ ಹಾನಿ ಇದ್ದರೆ ತೆಗೆದುಕೊಳ್ಳುವಾಗಲೇ. ದಾವೆ ಹೂಡಲು ಸಾಮಾನ್ಯವಾಗಿ 1 ವರ್ಷ. ವಿಮೆ ಕಂಪನಿಗೆ ಅದೇ ದಿನ ತಿಳಿಸಿ, ಎರಡೂ ಕಡೆಯವರು ಇರುವ ಸರ್ವೆ, ಅಂದರೆ ಹಾನಿಯ ಪರಿಶೀಲನೆ, ಕೇಳಿ. ಕಂಟ್ರೋಲರ್ ಡೇಟಾ ಡೌನ್‌ಲೋಡ್ ಕೊಡಿ ಎಂದು ಲೈನ್‌ಗೆ ಮೇಲ್ ಮಾಡಿ. ಕಂಟೇನರ್ ವಾಪಸ್ ಹೋಗಿ ಇನ್ನೊಂದು ಪ್ರಯಾಣಕ್ಕೆ ಹೊರಟರೆ ಅದನ್ನು ತೆಗೆಸುವುದು ಕಷ್ಟ. ಉಷ್ಣತೆ ಬರೆದಿಟ್ಟುಕೊಳ್ಳುವ ನಿಮ್ಮದೇ ಲಾಗರ್‌ಗಳನ್ನು ಬಾಗಿಲ ಬಳಿ ಒಂದು, ನಡುವಿನ ಕಾರ್ಟನ್ ಒಳಗೆ ಒಂದು ಇಟ್ಟಿದ್ದರೆ ಅವನ್ನು ಕಸದ ಜೊತೆ ಎಸೆಯದಂತೆ ಖರೀದಿದಾರರ ಗೋದಾಮಿಗೆ ಹೇಳಿ. ಸರ್ವೇಯರ್ ನೋಡುವವರೆಗೆ ಹಾಳಾದ ಮಾಲನ್ನು ಎಸೆಯುವುದೂ ಬೇಡ, ಒಳ್ಳೆಯದರ ಜೊತೆ ಬೆರೆಸುವುದೂ ಬೇಡ, ಬೇರೆ ಕೋಲ್ಡ್ ಸ್ಟೋರೇಜ್‌ನಲ್ಲಿ ಮೈನಸ್ 18ರಲ್ಲೇ ಗುರುತು ಹಾಕಿ ಇಡಲಿ.